ಪದಸಂಪತ್ತಿನ ಶ್ರೀಮಂತರು

ಎದುರಿಗಿದ್ದವನ ಬಾಯಿ ಮುಚ್ಚಿಸಲು ಇಂಗ್ಲಿಷಿನ ಒಂದು ದಪ್ಪ ಪದ ಸಾಕು. ಅದಕ್ಕೇ ನಮ್ಮವರು ನೆಟ್ಟಗೆ ನಾಲ್ಕು ವಾಕ್ಯ ಕಲಿಯುವ ಮೊದಲೇ ನಾನೂರು ಪದ ಉರುಹೊಡೆಯುತ್ತಾರೆ.

ಈ ವಿದ್ಯೆಯ ಮೂಲಗ್ರಂಥ ನಾರ್ಮನ್ ಲೂಯಿಸ್ ಬರೆದ ‘ವರ್ಡ್ ಪವರ್ ಮೇಡ್ ಈಸಿ’. 1949ರಲ್ಲಿ ಅಮೆರಿಕದಲ್ಲಿ ಹುಟ್ಟಿ, ನಮ್ಮ ಫುಟ್‌ಪಾತುಗಳಲ್ಲಿ ನೆಲೆ ಕಂಡ ಪುಸ್ತಕ. ಹಳೇ ಪುಸ್ತಕದಂಗಡಿಯ ಪ್ರತಿಯೊಂದನ್ನು ತೆರೆದು ನೋಡಿ: ಶುರುವಿನ ಪುಟಗಳಲ್ಲಿ ಸ್ಕೇಲ್ ಇಟ್ಟು ಎಳೆದ ಗೆರೆ, ಅಂಚಿನಲ್ಲಿ ಪೆನ್ಸಿಲ್ಲಿನ ಕನ್ನಡ ಅರ್ಥ. ಆಮೇಲಿನ ಪುಟಗಳಿಗೆ ಯಾರ ಬೆರಳೂ ತಾಗಿಲ್ಲ.

ಲೂಯಿಸ್ ಮೊದಲು ಹೇಳಿಕೊಡುವುದು ಮನುಷ್ಯ ಸ್ವಭಾವಗಳನ್ನು: ಜನರನ್ನು ದ್ವೇಷಿಸುವವನು, ಹೆಂಗಸರನ್ನು ದ್ವೇಷಿಸುವವನು, ಮದುವೆಯನ್ನೇ ದ್ವೇಷಿಸುವವನು. ನಂತರ ಬಗೆಬಗೆಯ ಡಾಕ್ಟರರು. ಹೀಗಾಗಿ ನಮ್ಮ ಪದವೀಧರ ಯಾರ್ಯಾರನ್ನು ದ್ವೇಷಿಸಬಹುದು, ಯಾವ ಬೇನೆಗೆ ಯಾವ ವೈದ್ಯ ಎಂಬುದನ್ನು ಗ್ರೀಕ್ ಧಾತುಸಮೇತ ಬಲ್ಲ. ಬ್ಯಾಂಕಿಗೆ ಒಂದು ಅರ್ಜಿ ಬರೆ ಅಂದರೆ ಬೆವರುತ್ತಾನೆ. ಸುಳ್ಳುಗಾರರ ಅಧ್ಯಾಯ ಅದರಾಚೆಗಿದೆ. ಅಲ್ಲಿಗೆ ಮುಟ್ಟುವ ಮುಂಚೆಯೇ ಪುಸ್ತಕ ಮಡಚಿ, ಬಯೋಡೇಟಾದಲ್ಲಿ ‘ಫ್ಲುಯೆಂಟ್ ಇನ್ ಇಂಗ್ಲಿಷ್’ ಎಂದು ಬರೆಯುತ್ತಾನೆ. ಆ ಅಧ್ಯಾಯ ಓದದೆಯೇ ಪಾಸು!

ಅಮೆರಿಕದ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ ಇಟ್ಟವರಿಗೇ ಈ ಉರುಹೊಡೆತ ಸಾಕಾಯಿತು. 2011ರಲ್ಲಿ ಜಿಆರ್‌ಇ ವಿರುದ್ಧಪದದ ಪ್ರಶ್ನೆಗಳನ್ನು ಕಿತ್ತುಹಾಕಿತು; 2016ರಲ್ಲಿ ಎಸ್‌ಎಟಿ ಯಾರೂ ಆಡದ ಪದಗಳ ಸಹವಾಸ ಬಿಟ್ಟಿತು. ನಾವು ಬಿಡಲಿಲ್ಲ. ಬೆಳಗಾದರೆ ಫ್ಯಾಮಿಲಿ ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಗುಲಾಬಿಯ ಕೆಳಗೆ ಒಂದು ಹೊಸ ಪದ. ಚಿಕ್ಕಪ್ಪನಿಂದ ಹೆಬ್ಬೆರಳು, ದೊಡ್ಡಮ್ಮನಿಂದ ನಮಸ್ಕಾರ.

ಹಾಗಂತ ದಪ್ಪ ಪದ ದಂಡವೇನಲ್ಲ. 2017ರಲ್ಲಿ ಟಿವಿಯಲ್ಲಿ ಬಂದ ಆರೋಪಗಳಿಗೆ ಉತ್ತರಿಸುತ್ತ ಸಂಸದ ಶಶಿ ತರೂರ್ ‘ಫರಾಗೊ’ (ಕಲಸುಮೇಲೋಗರ) ಎಂದು ಟ್ವೀಟ್ ಮಾಡಿದರು. ಜನ ನಿಘಂಟಿಗೆ ಮುಗಿಬಿದ್ದರು. ಆರೋಪ ಏನಿತ್ತು, ಸಮಜಾಯಿಷಿ ಏನಿತ್ತು ಎಂದು ಈಗ ಕೇಳಿ, ತಡವರಿಸುತ್ತಾರೆ. ಪದ ಮಾತ್ರ ನಾಲಿಗೆ ತುದಿಯಲ್ಲಿದೆ.

ವಿಷಯ ಮುಚ್ಚಲು ಪದಕ್ಕಿಂತ ಒಳ್ಳೆಯ ಮುಚ್ಚಳವಿಲ್ಲ ಎಂಬುದು ವಿಮೆ ಪಾಲಿಸಿಯ ಸಣ್ಣಕ್ಷರ ಬರೆಯುವವರಿಗೆ ಎಂದೋ ಗೊತ್ತು. ಅವರೆದುರು ಕೂತು, ‘ನನಗೆ ಅರ್ಥವಾಗಲಿಲ್ಲ, ಬಿಡಿಸಿ ಹೇಳಿ’ ಎನ್ನಲು ಬೇಕಾದ ಇಂಗ್ಲಿಷ್ ಒಂದನೇ ಕ್ಲಾಸಿನದು. ಅದನ್ನು ಕಲಿಸುವ ಕೋಚಿಂಗ್ ಸೆಂಟರ್ ತೆರೆದರೆ ಒಬ್ಬರೂ ಫೀಸು ಕಟ್ಟುವುದಿಲ್ಲ.