ಕುಂಬಳಕಾಯಿ ಒಡೆದಾಗಿದೆ

ಬೆಂಗಳೂರಿನ 30-40 ಸೈಟು. ಬೇಸ್‌ಮೆಂಟಿಗೆಂದು ಹನ್ನೆರಡು ಅಡಿ ಗುಂಡಿ. ಅಂಚಿನಲ್ಲೇ ಅಗೆದ ಮಣ್ಣಿನ ಗುಡ್ಡೆ, ಪಕ್ಕದಲ್ಲಿ ಜೆಸಿಬಿ, ಅದರ ಮೂತಿಗೆ ನಿಂಬೆಹಣ್ಣು-ಮೆಣಸಿನಕಾಯಿ.

ಇಂಜಿನಿಯರ್: ಗುಂಡಿ ಗೋಡೆಗೆ ಆನಿಕೆ ಎಲ್ಲಿ ಮೇಸ್ತ್ರಿ?

ಮೇಸ್ತ್ರಿ: ಗುದ್ದಲಿಪೂಜೆ ಆಗಿದೆ ಸಾರ್. ಕುಂಬಳಕಾಯೂ ಒಡೆದಿದೀವಿ.

ಇಂಜಿನಿಯರ್: ಅಗೆತದ ಸುರಕ್ಷತಾ ಮಾನದಂಡ ಐಎಸ್ 3764 ಪ್ರಕಾರ ಒಂದೂವರೆ ಮೀಟರ್ ದಾಟಿದರೆ ಹಲಗೆ, ಆನಿಕೆ ಕೊಡಲೇಬೇಕು.

ಮೇಸ್ತ್ರಿ: ನಾವು ಮೀಟರಲ್ಲಿ ಅಗೆಯಲ್ಲ ಸಾರ್, ಅಡಿ ಲೆಕ್ಕ.

ಇಂಜಿನಿಯರ್: ಒಂದು ಘನಮೀಟರ್ ಮಣ್ಣು ಸುಮಾರು ಒಂದೂವರೆ ಟನ್ ತೂಗತ್ತೆ ಕಣಯ್ಯಾ. ಎದೆವರೆಗೆ ಹೂತರೂ ಉಸಿರಾಡಕ್ಕಾಗಲ್ಲ.

ಮೇಸ್ತ್ರಿ: ಅದಕ್ಕೇ ಹುಡುಗರಿಗೆ ಹೇಳಿದೀನಿ, ಉಸಿರು ಬಿಗಿಹಿಡಿದು ಬೇಗ ಮುಗಿಸಿ ಅಂತ.

ಇಂಜಿನಿಯರ್: ಈ ಬಿರುಕು? ಪಕ್ಕದ ಕಾಂಪೌಂಡ್ ಉದ್ದಕ್ಕೂ ಇದೆ. ಬೆರಳೇ ಹೋಗತ್ತೆ!

ಮೇಸ್ತ್ರಿ: ರಾತ್ರಿ ಮಳೆಗೆ ಬಂದಿದ್ದು. ಬೆಳಿಗ್ಗೆ ಸಿಮೆಂಟ್ ಮೆತ್ತಿಸಿದೆ, ಮತ್ತೆ ಬಾಯಿ ಬಿಟ್ಟಿದೆ.

(ಬಿರುಕಿಗಾದರೂ ಬಾಯಿ ಇದೆ. ಗುಂಡಿಯೊಳಗಿನ ಯಾದಗಿರಿ ಹುಡುಗರಿಗೆ ಅದೂ ಇಲ್ಲ.)

ಇಂಜಿನಿಯರ್: ಏಣಿ?

ಮೇಸ್ತ್ರಿ: ಪೇಂಟ್‌ನವರು ಒಯ್ದವ್ರೆ. ಜೆಸಿಬಿ ಬಕೆಟ್ಟಲ್ಲೇ ಇಳಿಸ್ತೀವಿ.

ಇಂಜಿನಿಯರ್: ಹೆಲ್ಮೆಟ್?

ಮೇಸ್ತ್ರಿ: ಒಂದಿದೆ. ಓನರ್ ಬಂದಾಗ ಅವರಿಗೇ ಹಾಕೋದು, ಫೋಟೋಗೆ.

ಅಷ್ಟರಲ್ಲಿ ಓನರ್ ಫೋನು.

ಓನರ್: ಆನಿಕೆಗೆ ಅಷ್ಟೊಂದಾ? ಆ ದುಡ್ಡಿಗೆ ಅಡುಗೆಮನೆಗೆ ಚಿಮಣಿ ಬರತ್ತಲ್ರೀ! ಹೇಗೂ ಆಮೇಲೆ ಕಿತ್ತು ಬಿಸಾಕೋದು ತಾನೇ?

ಇಂಜಿನಿಯರ್: ಸಾರ್, ಜನ ಒಳಗಿದಾರೆ...

ಓನರ್: ಅವರ ಜವಾಬ್ದಾರಿ ಮೇಸ್ತ್ರೀದು. ಕೇಳಿ ನೋಡಿ.

ಮೇಸ್ತ್ರಿ: ನಂದಲ್ಲ ಸಾರ್, ಜೆಸಿಬಿಯವಂದು. ಅವನು ಟೀಗೆ ಹೋಗವ್ನೆ. ನೀವು ಸ್ವಲ್ಪ ಈಚೆ ಬನ್ನಿ... ನಿಂತಿರೋ ಕಡೆ ಮಣ್ಣು ಅದುರ್ತಾ ಇದೆ.