ಒಂದೇ ಟಿಕ್ಕಿನ ಸಿಟ್ಟು

ಅಥಣಿ ತಾಲ್ಲೂಕಿನ ನಮ್ಮ ಅನಂತಪುರದಲ್ಲಿ ಬೈಯುವುದಕ್ಕೂ ಒಂದು ಪದ್ಧತಿ ಉಂಟು. ಬೈಯುವವನು ಕಟ್ಟೆಯ ಮುಂದೆ ನಿಲ್ಲಬೇಕು, ಕೇಳಲು ನಾಲ್ಕು ಮಂದಿ ಇರಬೇಕು, ಮಾತು ಅವ್ವ-ಅಪ್ಪನ ತನಕ ಹೋದಕೂಡಲೇ “ಸಾಕ್ ಬಿಡೋ ತಮ್ಮಾ” ಎನ್ನಲು ಒಬ್ಬ ಹಿರಿಯರು ಬೇಕು. ಅವರು ಬಂದೇ ಬರುತ್ತಾರೆಂಬ ಧೈರ್ಯದ ಮೇಲೆಯೇ ನಮ್ಮವರು ಅಷ್ಟು ಜೋರು ಬೈಯುವುದು. ಯಾರೂ ಹಿಡಿಯದಿದ್ದರೂ “ಬಿಡ್ರಿ ನನ್ನ, ಇವತ್ತ ಅವನ್ನ ನೋಡೇಬಿಡ್ತೀನಿ” ಎಂದು ಕೂಗುವವರೂ ಇದ್ದಾರೆ.

ವಾಟ್ಸ್‌ಆ್ಯಪ್ ಬಂದು ಆ ಹಿರಿಯರ ಕೆಲಸ ಹೋಯಿತು. 2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ಟನ್ ಕಬ್ಬಿಗೆ 3,500 ರೂಪಾಯಿ ಕೇಳಿ ರೈತರು ಧರಣಿ ಕುಳಿತಿದ್ದರಲ್ಲ, ಅದು 3,300ಕ್ಕೆ ಇತ್ಯರ್ಥವಾದ ದಿನ “ಇಷ್ಟರೆ ಸಿಕ್ತಲ್ಲ” ಎಂದು ಊರ ಗ್ರೂಪಿನಲ್ಲಿ ಹಾಕಿದೆ. ನಮ್ಮ ಓಣಿಯವರೊಬ್ಬರು ಅಲ್ಲಿ ಕೈಮುಗಿದ ಚಿತ್ರ ಒತ್ತಿದರು. ಅದರ ಬೆನ್ನಿಗೇ ಅವರಿಂದ ನನಗೊಬ್ಬನಿಗೇ ಮೆಸೇಜು. ‘ಫ್ಯಾಕ್ಟರಿಯವರ ಚಮಚಾ’ ಎಂದು ಶುರುವಾಗಿ, ನನ್ನ ಹೊಲದ ಬದುವಿನ ಮೇಲೆ ಹಾದು, ನಮ್ಮಜ್ಜನ ಹತ್ತಿರ ಬಂದು ನಿಂತಿತ್ತು. ಅಜ್ಜ ಪಾಪ ಜೋಳದ ಮನುಷ್ಯ, ಕಬ್ಬು ಹಚ್ಚಿದವನೇ ಅಲ್ಲ.

ತಿರುಗಿ ಬೈಯಲು ನನಗೂ ಬರುತ್ತದೆ. ಆದರೆ ಕೇಳುವವರಿಲ್ಲದ ಕಡೆ ಅಂಥ ಒಳ್ಳೊಳ್ಳೆ ಮಾತು ಯಾಕೆ ಹಾಳು ಮಾಡಲಿ? ಕಾನೂನಿನ ಕಡೆ ನೋಡಿದರೆ, ಕಿರಿಕಿರಿಯ ಸಂದೇಶಕ್ಕೂ ಜೈಲು ಎನ್ನುತ್ತಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟು 2015ರಲ್ಲೇ ರದ್ದು ಮಾಡಿದೆ. ಒಳ್ಳೆಯದೇ ಆಯಿತು. ಇದ್ದಿದ್ದರೆ ದಿನಾ ನಸುಕಿನಲ್ಲಿ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಕಳಿಸುವ ನಮ್ಮ ಮಾವನವರೇ ಮೊದಲು ಒಳಗೆ ಹೋಗುತ್ತಿದ್ದರು. ಜೀವಬೆದರಿಕೆಯಾದರೆ ಮಾತು ಬೇರೆ. ಸ್ಕ್ರೀನ್‌ಶಾಟ್ ತೆಗೆದುಕೊಂಡು ಠಾಣೆಗೆ ಹೋಗಬೇಕು. ಇದು ಬರೀ ಅಜ್ಜನ ವಿಷಯ.

ಬ್ಲಾಕ್ ಮಾಡಿದೆ. ಬ್ಲಾಕ್ ಆದವರಿಗೆ ವಾಟ್ಸ್‌ಆ್ಯಪ್ ಏನೂ ತಿಳಿಸುವುದಿಲ್ಲ. ಅವರು ಕಳಿಸಿದ್ದಕ್ಕೆ ಒಂದೇ ಟಿಕ್ ಬೀಳುತ್ತದೆ, ನಮ್ಮ ಫೋಟೋ ಕಾಣದಂತಾಗುತ್ತದೆ. ಬೆಂಗಳೂರಿನಲ್ಲಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೇನೋ. ಇಲ್ಲಿ ಮರುದಿನ ಮುಂಜಾನೆ ಆ ಮನುಷ್ಯ ಬಾಗಿಲಿಗೇ ಬಂದರು.

“ಸರ, ಆರಾಮದೀರಿಲ್ರಿ? ನಿಮ್ಮ ಫೋಟೋನs ಕಾಣಾವಲ್ದು, ಒಂದs ಟಿಕ್ ಬೀಳಾಕತ್ತೈತಿ. ಏನರೆ ಆತೇನಂತ ರಾತ್ರಿ ನಿದ್ದಿ ಹತ್ಲಿಲ್ಲ.”

ನಮ್ಮಾಕೆ ಚಹಾ ತಂದಿಟ್ಟಳು. “ಅರ್ಜೆಂಟ್ ಏನರೆ ಹೇಳೂದಿತ್ತೇನ್ರಿ ಅಣ್ಣಾರ?” ಎಂದೆ.

ಚಹಾ ಬಶಿಗೆ ಸುರುವಿಕೊಂಡು ಊದುತ್ತ ಅವರು ಸ್ವಲ್ಪ ಸಂಕೋಚಪಟ್ಟರು. “ಏನಿಲ್ರಿ, ನಿಮ್ಮಜ್ಜನ ಬಗ್ಗೆ ಒಂದೀಟ ಉಳದಿತ್ತು. ಈಗ ಮನ್ಯಾಗ ಕುಂತು ಹ್ಯಾಂಗ ಹೇಳ್ಲಿ? ಇರ್ಲಿ ತಗೋರಿ, ನಿಮ್ಮ ನೆಟ್‌ವರ್ಕ್ ಬಂದ ಮ್ಯಾಲ ಕಳಸ್ತೀನಿ.”