ಸೋಲಲೆಂದೇ ಚಿಮ್ಮಿದ ನಾಣ್ಯ

ನಾಲ್ಕೈದು ತಾಯಿಗುದುರೆ ಸಾಕಿಕೊಂಡು, ತನ್ನ ಲಾಯದಲ್ಲೇ ಹುಟ್ಟಿದ ಮರಿ ಡರ್ಬಿ ಗೆದ್ದೇ ಗೆಲ್ಲುತ್ತದೆಂದು ಕಾದು ಕೂತವನನ್ನು ಕಂಡರೆ ಜಾಣರಿಗೆ ನಗು. ಜಟಕಾ ಕುದುರೆಯ ಲಗಾಮನ್ನೂ ಹಿಡಿದವನಲ್ಲದ ನಾನು, ಯಾರೂ ಕರೆಯದಿದ್ದರೂ, ಅವನ ಪರ ವಾದಕ್ಕೆ ನಿಂತಿದ್ದೇನೆ. ವಂಶಾವಳಿ ಅರೆದು ಕುಡಿದವರಿಗೂ ಮುಂದಿನ ಮರಿ ಏನಾದೀತೆಂದು ಗೊತ್ತಿರುವುದಿಲ್ಲ. ಆದ್ದರಿಂದ ಆಸೆಪಡುವ ಹಕ್ಕು ಚಿಕ್ಕ ಲಾಯದವನಿಗೂ ಅಷ್ಟೇ ಇದೆ. 1969ರಲ್ಲಿ ಅಮೆರಿಕದಲ್ಲಿ ನಡೆದದ್ದನ್ನೇ ನೋಡಿ. ವರ್ಜೀನಿಯಾದ ಪೆನ್ನಿ ಚೆನರಿಗೂ, ಬೋಲ್ಡ್ ರೂಲರ್ ಎಂಬ ಬೀಜದ ಕುದುರೆಯ ಯಜಮಾನರಾದ ಫಿಪ್ಸ್ ಮನೆತನಕ್ಕೂ ಒಂದು ಒಪ್ಪಂದ: ದುಡ್ಡಿನ ಮಾತಿಲ್ಲ, ಮರಿಗಳಲ್ಲೇ ಪಾಲು. ನಾಣ್ಯ ಚಿಮ್ಮಿ ಗೆದ್ದವರಿಗೆ ಆ ವರ್ಷದ ಎರಡು ಮರಿಗಳಲ್ಲಿ ಮೊದಲ ಆಯ್ಕೆ. ಸೋತವರಿಗೆ ಉಳಿದದ್ದು, ಜೊತೆಗೆ ಮುಂದಿನ ವರ್ಷದ ಮೊದಲ ಆಯ್ಕೆ. ಅಷ್ಟರಲ್ಲಿ, ಎರಡನೆಯ ವರ್ಷಕ್ಕೆ ಚೆನರಿ ಕಳಿಸಿದ ತಾಯಿಗುದುರೆಗಳಲ್ಲಿ ಒಂದು ಗಬ್ಬವೇ ಆಗಲಿಲ್ಲ. ಅಂದರೆ ಗೆದ್ದವರಿಗೆ ಒಂದೇ ಮರಿ, ಸೋತವರಿಗೆ ಎರಡು! ಇಬ್ಬರಿಗೂ ಸೋಲೇ ಬೇಕು. ಮೇಲೆ ಹಾರಿದ ನಾಣ್ಯ ತಿರುತಿರುಗಿ ಇಳಿಯುತ್ತಿರುವಾಗ ಎರಡೂ ಕಡೆಯ ಮನಸ್ಸುಗಳು ಯಾವ ದೇವರಿಗೆ ಏನೆಂದು ಹರಕೆ ಹೊತ್ತವೋ. ಆ ದೇವರಿಗಾದರೂ ಅರ್ಜಿ ತಲೆಕೆಳಗಾಗಿದೆ ಅನ್ನಿಸಿರಬೇಕು. ಪಾಪ, ಫಿಪ್ಸ್ ಗೆದ್ದುಬಿಟ್ಟರು. ಆರಿಸಿಕೊಂಡ ಹೆಣ್ಣುಮರಿ ಒಂದು ರೇಸನ್ನೂ ಗೆಲ್ಲಲಿಲ್ಲ. ಸೋತ ಚೆನರಿಗೆ 1970ರಲ್ಲಿ ಸಿಕ್ಕಿದ್ದು ಅದೇ ತಂದೆ, ಅದೇ ತಾಯಿಯ ಮಗ ಸೆಕ್ರೆಟೇರಿಯಟ್. 1973ರ ಬೆಲ್ಮಾಂಟ್ ರೇಸನ್ನು ಅದು 31 ಕುದುರೆಯುದ್ದದ ಅಂತರದಲ್ಲಿ ಗೆದ್ದಿತು.

ಬೋಲ್ಡ್ ರೂಲರ್‌ನಂಥದ್ದು ಸಾಮಾನ್ಯರ ಕೈಗೆಟುಕುತ್ತದೆಯೇ ಎನ್ನುವಿರಿ. ಇಲ್ಲ. ಆದರೆ ದುಡ್ಡಿಗೂ ಕಣ್ಣಿಲ್ಲ: 2006ರಲ್ಲಿ 1.6 ಕೋಟಿ ಡಾಲರಿಗೆ ಮಾರಾಟವಾದ ಗ್ರೀನ್ ಮಂಕಿ ಮೂರು ರೇಸ್ ಓಡಿ ಮೂರರಲ್ಲೂ ಸೋತಿತು. ಕೆನಡಾದಲ್ಲಿ 25,000 ಡಾಲರಿಗೆ ಯಾರಿಗೂ ಬೇಡವಾಗಿ ಸಾಕಿದವನಲ್ಲೇ ಉಳಿದ ಗಿಡ್ಡ ನಾರ್ದರ್ನ್ ಡ್ಯಾನ್ಸರ್ 1964ರ ಕೆಂಟಕಿ ಡರ್ಬಿ ಗೆದ್ದಿತು. ಗೆದ್ದವನ್ನಷ್ಟೇ ಎಣಿಸುತ್ತೀರಲ್ಲ ಎಂಬ ಆಕ್ಷೇಪ ಮಾತ್ರ ನಿಜ, ಅದನ್ನೇ ಹಲ್ಲು ಕಿರಿದು ಹೇಳುವ ಲೆಕ್ಕಿಗರನ್ನು ಕಂಡರೆ ಮೈ ಉರಿದರೂ. ಗರ್ಭವೇ ಹನ್ನೊಂದು ತಿಂಗಳು, ಓಟಕ್ಕೆ ಇನ್ನೆರಡು ವರ್ಷ. ಚೊಚ್ಚಲ ಮರಿ ಓಡಲಾರದೆಂದು ತಿಳಿಯುವಷ್ಟರಲ್ಲಿ ಅದರ ತಮ್ಮನೋ ತಂಗಿಯೋ ಪಕ್ಕದಲ್ಲೇ ಹುಲ್ಲು ಮೇಯುತ್ತಿರುತ್ತದೆ, ಆಸೆ ಅಲ್ಲಿಗೆ ವರ್ಗವಾಗುತ್ತದೆ. ಓಡದ ಆ ಮರಿ ಎಲ್ಲಿಗೆ ವರ್ಗವಾಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಅದಕ್ಕೆ ಇನ್ನೂ ಇಪ್ಪತ್ತು ವರ್ಷ ಆಯುಸ್ಸಿದೆ, ದಿನಾ ಹಸಿವಾಗುತ್ತದೆ. ಲಾಯದವನು ನನ್ನ ವಾದವನ್ನು ಚಪ್ಪಾಳೆ ತಟ್ಟಿ ಒಪ್ಪಿಕೊಳ್ಳುವ ಮೊದಲು ಆ ಹುಲ್ಲಿನ ಲೆಕ್ಕವನ್ನು ತೋರಿಸಲಿ.